ಲಕೋಟೆಯ ಸಂಖ್ಯೆಯೂ ಹಿಗ್ಗುವ ಬಟ್ಟೆಯೂ

ಹಿಗ್ಗುವ ಬಟ್ಟೆಯಲ್ಲಿ ಮೈಗೊಪ್ಪುವ ಉಡುಪನ್ನು ಹೊಲಿಯುವುದು ಸುಲಭವೆಂದೂ, ಅಳತೆಯಲ್ಲಿ ಒಂದಿಷ್ಟು ಹೆಚ್ಚುಕಡಿಮೆಯಾದರೂ ಬಟ್ಟೆಯೇ ಅದನ್ನು ತೂಗಿಸಿಕೊಂಡು ಹೋಗುತ್ತದೆಯೆಂದೂ ಹೇಳುವ ರೂಢಿ ಹೊಲಿಗೆ ಬಲ್ಲವರಲ್ಲಿಯೂ ಬಂದುಬಿಟ್ಟಿದೆ. ಅರ್ಧಸತ್ಯವಾದ ಈ ಮಾತನ್ನು ನಂಬಿ, ಹಣ ಕೊಟ್ಟು ತಂದ ಕಾಗದದ ಪ್ಯಾಟರ್ನನ್ನು ಅಕ್ಷರಶಃ ಅನುಸರಿಸಿ, ಕೊನೆಗೆ ಕನ್ನಡಿಯ ಮುಂದೆ ನಿಂತು, ಕಂಕುಳ ಬಳಿಯ ಸುಕ್ಕನ್ನೂ ಬೆನ್ನಿನ ಜೋಲನ್ನೂ ಕಂಡು, ದೋಷವೆಲ್ಲ ತಮ್ಮ ಮೈಕಟ್ಟಿನದೆಂದು ಕೊರಗುವ ಹೆಣ್ಣುಮಕ್ಕಳು ಎಷ್ಟೋ ಮಂದಿ. ಪ್ಯಾಟರ್ನಿನ ಲಕೋಟೆಯ ಮೇಲಿನ ಅಳತೆಯ ಸಂಖ್ಯೆಗೆ ನಾವು ಸಲ್ಲದ ಗೌರವ ಕೊಟ್ಟುದೇ ಈ ಕೊರಗಿಗೆ ಮೂಲವೆಂದು ನನ್ನ ಅಭಿಪ್ರಾಯ.

ಪ್ಯಾಟರ್ನಿನ ಉಪಕಾರ ಸಾಮಾನ್ಯವಾದುದಲ್ಲ. 1863ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಟರ್ಲಿಂಗ್ ಎಂಬ ಊರಿನ ದರ್ಜಿ ಎಬೆನೆಜರ್ ಬಟರಿಕ್, ಒಂದೇ ಉಡುಪಿನ ನಮೂನೆಯನ್ನು ಹಲವು ಅಳತೆಗಳಲ್ಲಿ ಕಾಗದಕ್ಕೆ ಇಳಿಸಿ ಮಾರತೊಡಗಿದ ಮೇಲೆ, ದರ್ಜಿಯ ಕೈಯಲ್ಲಿ ಅಡಗಿದ್ದ ಕತ್ತರಿಯ ವಿದ್ಯೆ ಗೃಹಿಣಿಯ ಮೇಜಿಗೂ ಬಂದಿತು. ಆದರೆ ಆ ಕ್ರಮವೆಲ್ಲ ಹುಟ್ಟಿದ್ದು ನೇಯ್ದ ಬಟ್ಟೆಗಾಗಿ. ಹಿಗ್ಗುವ ಹೆಣಿಗೆಯ ಬಟ್ಟೆ ಆಗ ಬಹುಮಟ್ಟಿಗೆ ಕಾಲುಚೀಲಕ್ಕೂ ಒಳಉಡುಪಿಗೂ ಮೀಸಲು. ಫ್ರಾನ್ಸಿನ ಉಡುಪು ವಿನ್ಯಾಸಕಿ ಕೊಕೊ ಶನೆಲ್ ಜರ್ಸಿ ಎಂಬ ಹೆಣಿಗೆಯ ಬಟ್ಟೆಯನ್ನು ಹೊರಉಡುಪಿಗೆ ತಂದು ಅದಕ್ಕೆ ಮರ್ಯಾದೆ ದೊರಕಿಸಿದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ.

ಹಾಸುಹೊಕ್ಕುಗಳಿಂದಾದ ಬಟ್ಟೆ ಎಳೆದರೆ ಬಾರದಾದ್ದರಿಂದ, ಉಸಿರಾಡುವುದಕ್ಕೂ ಕುಳಿತೇಳುವುದಕ್ಕೂ ಬೇಕಾದ ಸಡಿಲವನ್ನು ಮೈಯಳತೆಗೆ ಕೂಡಿಸಿ ಕತ್ತರಿಸಬೇಕು. ಕುಣಿಕೆಗೆ ಕುಣಿಕೆ ಹೆಣೆದ ಬಟ್ಟೆಯಲ್ಲಾದರೋ, ಮೈಗೆ ಅಂಟಿದಂತೆ ಕೂರಬೇಕಾದ ಉಡುಪಿಗೆ ಮೈಯಳತೆಯಿಂದಲೇ ಒಂದಿಷ್ಟನ್ನು ಕಳೆಯಬೇಕು. 36 ಇಂಚಿನ ಎದೆಗೆ 34 ಇಂಚಿನ ಉಡುಪು ಹಿತವಾಗಿ ಕೂರುವುದುಂಟು. ಎಷ್ಟು ಕಳೆಯಬೇಕೆಂಬುದು ಬಟ್ಟೆಯ ಹಿಗ್ಗನ್ನು ಅವಲಂಬಿಸಿದ ವಿಷಯ. ಹಲವು ಲಕೋಟೆಗಳ ಮೇಲೆ ಇದಕ್ಕೆಂದೇ ಒಂದು ಗೆರೆ ಅಚ್ಚಾಗಿರುತ್ತದೆ. ಬಟ್ಟೆಯನ್ನು ಅಡ್ಡಲಾಗಿ ಮಡಚಿ, 4 ಇಂಚಿನಷ್ಟನ್ನು ಎರಡು ಕೈಗಳ ಬೆರಳುಗಳಲ್ಲಿ ಹಿಡಿದು, ಆ ಗೆರೆಗೆ ಹಚ್ಚಿ ಮೆಲ್ಲಗೆ ಎಳೆಯತಕ್ಕದ್ದು: 5 ಇಂಚಿಗೆ ನಿಂತರೆ ಹಿಗ್ಗು ನೂರಕ್ಕೆ 25, 6 ಇಂಚಿಗೆ ಬಂದರೆ ನೂರಕ್ಕೆ 50. ಅಂಚು ಸುರುಳಿ ಸುತ್ತಿಕೊಳ್ಳುವಷ್ಟು ಬಲಾತ್ಕಾರ ಮಾಡಿ ಮುಟ್ಟಿಸಿದ ಇಂಚು ಲೆಕ್ಕಕ್ಕೆ ಬಾರದು. ಕೈಬಿಟ್ಟ ಮೇಲೆ ಬಟ್ಟೆ ಮೊದಲಿನ ಅಳತೆಗೆ ಮರಳುವುದೇ ಎಂಬುದು ಇನ್ನೂ ಮುಖ್ಯ. ಡ್ಯೂಪಾಂಟ್ ಕಂಪೆನಿಯ ಜೋಸೆಫ್ ಶಿವರ್ಸ್ 1958ರಲ್ಲಿ ಕಂಡುಹಿಡಿದ ಸ್ಪ್ಯಾಂಡೆಕ್ಸ್ ನೂಲು ಬೆರೆತ ಬಟ್ಟೆಗೆ ಈ ಗುಣ ಹೆಚ್ಚು. ಅದಿಲ್ಲದ ತೆಳು ಹತ್ತಿಯ ಹೆಣಿಗೆ ಬೆಳಿಗ್ಗೆ ಮೈಗೊಪ್ಪಿದ್ದು ಸಂಜೆಯ ಹೊತ್ತಿಗೆ ಮೊಣಕೈಯಲ್ಲಿಯೂ ಹಿಂಭಾಗದಲ್ಲಿಯೂ ಜೋತುಬೀಳುವುದು ಅಪರೂಪವಲ್ಲ.

ಇನ್ನು ಸಂಖ್ಯೆಯ ವಿಚಾರ. ಬಟರಿಕ್, ಮೆಕಾಲ್ಸ್, ಸಿಂಪ್ಲಿಸಿಟಿ, ವೋಗ್ ಮೊದಲಾದ ಅಮೆರಿಕದ ಪ್ಯಾಟರ್ನುಗಳ ಪಟ್ಟಿಯಲ್ಲಿ 36 ಇಂಚಿನ ಎದೆಗೆ 14ನೆಯ ಸಂಖ್ಯೆ. ಆ ದೇಶದ ಸಿದ್ಧ ಉಡುಪಿನ ಅಂಗಡಿಯಲ್ಲಿ ಅದೇ ಹೆಂಗಸಿಗೆ ಇದಕ್ಕಿಂತ ಎಷ್ಟೋ ಚಿಕ್ಕ ಸಂಖ್ಯೆಯ ಉಡುಪು ಹಿಡಿಸುತ್ತದೆ. ಗ್ರಾಹಕಿಯ ಮನಸ್ಸು ನೋಯಬಾರದೆಂದು ವರ್ತಕರು ದಶಕದಿಂದ ದಶಕಕ್ಕೆ ಸಂಖ್ಯೆಯನ್ನು ಇಳಿಸುತ್ತ ಬಂದಿದ್ದಾರೆ. (ಸೌಜನ್ಯವೇನೋ ಮೆಚ್ಚತಕ್ಕದ್ದೇ, ಗಣಿತ ಮಾತ್ರ ಕೆಟ್ಟಿತು.) ಹೀಗಾಗಿ 14 ಎಂಬುದನ್ನು ಕಂಡು ಬೆದರಿ 10ನ್ನು ಕತ್ತರಿಸುವವರೂ ಇದ್ದಾರೆ, ಹಿಗ್ಗನ್ನು ನೋಡದೆ 14ನ್ನೇ ಕತ್ತರಿಸಿ ಚೀಲದಂಥ ಉಡುಪನ್ನು ಪಡೆಯುವವರೂ ಇದ್ದಾರೆ. ನಿಜವಾದ ಉತ್ತರ ಎಷ್ಟೋ ವೇಳೆ ಒಳಗಿನ ತೆಳುಕಾಗದದಲ್ಲಿಯೇ ಇರುತ್ತದೆ. ಎದೆಯ ಭಾಗದಲ್ಲಿ ವೃತ್ತದೊಳಗೆ ಕೂಡುಗುರುತೊಂದು ಕಾಣುತ್ತದೆ. ಅದರ ಪಕ್ಕದಲ್ಲಿ ಬರೆದಿರುವುದು ಹೊಲಿದು ಮುಗಿದ ಉಡುಪಿನ ಸುತ್ತಳತೆ. ಕತ್ತರಿ ಹಾಕುವ ಮುನ್ನ ಓದಬೇಕಾದುದು ಇದನ್ನು.

ನಮ್ಮ ಊರುಗಳಲ್ಲಿ ದರ್ಜಿಯ ಬಳಿಗೆ ಹೋಗುವಾಗ ಹೊಸ ಬಟ್ಟೆಯ ಜೊತೆಗೆ ಅಳತೆಯ ರವಿಕೆಯೊಂದನ್ನು ಒಯ್ಯುವ ಪದ್ಧತಿಯುಂಟಷ್ಟೆ. ಇದನ್ನು ಅಶಾಸ್ತ್ರೀಯವೆಂದು ನಗುವವರುಂಟು. ನನಗಾದರೋ ಹೆಣಿಗೆಯ ಉಡುಪಿನ ಮಟ್ಟಿಗೆ ಇದಕ್ಕಿಂತ ಉತ್ತಮವಾದ ಮಾರ್ಗ ತೋರದು. ಮೈಗೆ ಸರಿಯಾಗಿ ಕೂರುವ ಹಳೆಯ ಟೀಶರ್ಟೊಂದನ್ನು ನಡುವೆ ಮಡಚಿ ಪ್ಯಾಟರ್ನಿನ ಮೇಲೆ ಹಾಸಿದರೆ, ಭುಜದ ಅಗಲವೂ ಕಂಕುಳ ಆಳವೂ ಎಲ್ಲಿ ಭಿನ್ನವಾಗುತ್ತವೆಂಬುದು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಎರಡು ಬಟ್ಟೆಗಳ ಹಿಗ್ಗು ಸಮವಾಗಿರಬೇಕೆಂಬುದೊಂದೇ ನಿಯಮ.

ತೊಡಕಿರುವುದೂ ಅಲ್ಲಿಯೇ. ಹೊಸೈರಿ ಬಟ್ಟೆಯನ್ನು ಕಿಲೋ ಲೆಕ್ಕದಲ್ಲಿ ಮಾರುವ ನಮ್ಮ ವರ್ತಕ ಅದರ ತೂಕವನ್ನು ಹೇಳಬಲ್ಲನೇ ಹೊರತು ಹಿಗ್ಗನ್ನು ಹೇಳಲಾರ. ಥಾನಿಗೊಂದು ಚೀಟಿ ಹಚ್ಚಿ ನೂರಕ್ಕೆ ಎಷ್ಟೆಂದು ಬರೆದರೆ ಕೊಳ್ಳುವವರ ಅರ್ಧ ಕಷ್ಟ ಕಳೆಯುತ್ತದೆ. ಹಾಗೆಯೇ, ಮುಗಿದ ಉಡುಪಿನ ಸುತ್ತಳತೆಯನ್ನು ಹಣ ಕೊಟ್ಟು ಬಿಚ್ಚಿದ ಮೇಲೆ ಕಾಣುವಂತೆ ಒಳಗಿಡುವ ಬದಲು, ಲಕೋಟೆಯ ಹಿಂಬದಿಯಲ್ಲಿ, ಮೈಯಳತೆಯ ಪಟ್ಟಿಯ ಕೆಳಗೇ ಅಚ್ಚುಹಾಕುವುದರಿಂದ ಪ್ಯಾಟರ್ನ್ ಕಂಪೆನಿಗಳಿಗೆ ತಗಲುವ ವೆಚ್ಚ ಒಂದು ಸಾಲಿನ ಮಸಿಯಷ್ಟೆ.