ವಿನ್ಯಾಸ ಪ್ರಸ್ತಾವನೆಯಲ್ಲಿ ಹಕ್ಕಿನ ಮಾತು

ಲೇಬಲ್, ಪೊಟ್ಟಣ, ಲಾಂಛನಗಳ ವಿನ್ಯಾಸವನ್ನು ಹೊರಗಿನವರಿಗೆ ವಹಿಸುವ ನಮ್ಮ ಸಣ್ಣ ಉದ್ಯಮಿಗಳು ಅವರ ಪ್ರಸ್ತಾವನೆಯಲ್ಲಿ ನೋಡುವುದು ಕೊನೆಯ ಮೊತ್ತವನ್ನಷ್ಟೇ. ಎಷ್ಟು ಬಾರಿ ತಿದ್ದುಪಡಿ, ಜಿಎಸ್‌ಟಿ ಸೇರಿದೆಯೇ ಎಂದು ಕೇಳಿದವರೇ ಜಾಣರು! ಆದರೆ ಹಣ ಕೊಟ್ಟ ಮಾತ್ರಕ್ಕೆ ಲಾಂಛನ ನಮ್ಮದಾಗುವುದಿಲ್ಲ. ವಿನ್ಯಾಸಕಾರರು ನಮ್ಮ ನೌಕರರಲ್ಲದಿದ್ದರೆ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಅವರಲ್ಲಿಯೇ ಉಳಿಯುತ್ತದೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ 19ನೆಯ ಕಲಮಿನಂತೆ ಅದರ ವರ್ಗಾವಣೆ ಲಿಖಿತವಾಗಿದ್ದು, ಅವರ ಸಹಿ ಹೊಂದಿರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ ಮಾತ್ರ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ ಸೀಮಿತ. ಅಗರಬತ್ತಿ ರಫ್ತು ಮಾಡುವವರಿಗೆ ಇದು ಸಣ್ಣ ವಿಷಯವಲ್ಲ. ಆದುದರಿಂದ ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೂ ಹಕ್ಕನ್ನು ವರ್ಗಾಯಿಸುವುದಾಗಿ ಬರೆಯದ ಪ್ರಸ್ತಾವನೆಗೆ ಮುಂಗಡ ಚೆಕ್ ಕೊಡಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದಕ್ಕಾಗಿ ವಿನ್ಯಾಸಕಾರರು ಹೆಚ್ಚಿನ ಶುಲ್ಕ ಕೇಳಿದರೆ, ಕೇಳುವುದು ನ್ಯಾಯವೇ.