ಲಿವರ್ ಟಾನಿಕ್ ಕೊಟ್ಟರೆ ಮುಗಿಯಿತೇ?

ನಾಯಿ ಎರಡು ದಿನ ಅನ್ನ ಮುಟ್ಟದೆ ವಾಂತಿ ಮಾಡಿಕೊಂಡು, ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ ಜಾಸ್ತಿ ಬಂತೆಂದರೆ ಮೈಸೂರಿನ ಬಹಳಷ್ಟು ಮನೆಗಳಿಗೆ ಮೊದಲು ಬರುವುದು ಲಿವರ್ ಟಾನಿಕ್ ಬಾಟಲಿ. ಎಷ್ಟೋ ಸಲ ಪರೀಕ್ಷೆಯೂ ಇಲ್ಲದೆ ಅಂಗಡಿಯಿಂದ ನೇರವಾಗಿ ಬರುತ್ತದೆ. ಟಾನಿಕ್ ಕೊಡುವುದು ತಪ್ಪಲ್ಲ. ಅದನ್ನೇ ಚಿಕಿತ್ಸೆ ಎಂದುಕೊಂಡು ಕಾರಣ ಹುಡುಕುವುದನ್ನು ಕೈಬಿಡುವುದು ತಪ್ಪು.

ಎಸ್‌ಜಿಪಿಟಿ ಎಂಬ ಕಿಣ್ವ ಏರಿದೆ ಎಂದರೆ ಯಕೃತ್ತಿನ ಜೀವಕೋಶಗಳಿಗೆ ಪೆಟ್ಟು ಬಿದ್ದಿದೆ ಎಂದಷ್ಟೇ ಅರ್ಥ. ಅಂಗ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಅದು ಹೇಳದು. ಅದಕ್ಕೆ ಆಲ್ಬುಮಿನ್, ಸಕ್ಕರೆ ಅಂಶ, ರಕ್ತ ಹೆಪ್ಪುಗಟ್ಟುವ ಸಮಯ, ಪಿತ್ತಾಮ್ಲದ ಪರೀಕ್ಷೆ ಬೇಕು. ತುರಿಕೆಗೆ ಕೊಡುವ ಸ್ಟೀರಾಯ್ಡ್, ಫಿಟ್ಸ್‌ಗೆ ಕೊಡುವ ಫಿನೊಬಾರ್ಬಿಟೋನ್ ಎರಡೂ ನಾಯಿಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವವನ್ನು ಏರಿಸುತ್ತವೆ. ಆದ್ದರಿಂದ ನಾಯಿಗೆ ಕೊಡುತ್ತಿರುವ ಮಾತ್ರೆಗಳನ್ನೆಲ್ಲ ವೈದ್ಯರ ಮುಂದೆ ಇಡಬೇಕು. ಮನೆಯವರ ಪ್ಯಾರಾಸಿಟಮಾಲ್ ಕೊಟ್ಟಿದ್ದರೆ ಅದನ್ನೂ ಮುಚ್ಚಿಡಬಾರದು.

ಬೆಂಬಲದ ಔಷಧಿಗಳಿಗೂ ಅವುಗಳದೇ ನಿಯಮಗಳಿವೆ. ‘ಸ್ಯಾಮಿ’ (ಎಸ್-ಅಡಿನೊಸಿಲ್ ಮೆಥಿಯೊನಿನ್) ಮಾತ್ರೆಯನ್ನು ಪುಡಿ ಮಾಡದೆ ಖಾಲಿ ಹೊಟ್ಟೆಯಲ್ಲಿ ನುಂಗಿಸಬೇಕು. ಅನ್ನದಲ್ಲಿ ಕಲಸಿಟ್ಟರೆ ಅದು ಸರಿಯಾಗಿ ದೇಹಕ್ಕೆ ಸೇರುವುದಿಲ್ಲ. ಅರ್ಸೊಡಿಯಾಕ್ಸಿಕೋಲಿಕ್ ಆಮ್ಲ ಪಿತ್ತದ ಹರಿವಿಗೆ ಸಹಕಾರಿ, ಆದರೆ ಪಿತ್ತನಾಳ ಪೂರ್ತಿ ಕಟ್ಟಿಕೊಂಡಿದ್ದರೆ ಅಪಾಯಕಾರಿ. ಅದಕ್ಕೇ ಮೊದಲು ಸ್ಕ್ಯಾನಿಂಗ್ ಆಗಬೇಕು. ಲೊಮುಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಪಡೆಯುತ್ತಿದ್ದ ನಾಯಿಗಳಿಗೆ ಸ್ಯಾಮಿಯನ್ನೂ ಸಿಲಿಬಿನ್ ಎಂಬ ಇನ್ನೊಂದು ಬೆಂಬಲದ ಔಷಧಿಯನ್ನೂ ಜೊತೆಯಾಗಿ ಕೊಟ್ಟಾಗ ಯಕೃತ್ತಿಗೆ ಹಾನಿ ಕಡಿಮೆಯಾಯಿತೆಂದು 2011ರ ಅಧ್ಯಯನವೊಂದು ತೋರಿಸಿದೆ. ಆ ಒಂದು ಸಂದರ್ಭದ ಫಲವನ್ನು ಎಲ್ಲ ಕಾಯಿಲೆಗೂ ಹಿಗ್ಗಿಸುವಂತಿಲ್ಲ.

‘ಲಿವರ್ ಕೆಟ್ಟಿದೆ’ ಎಂದ ಕೂಡಲೇ ಮೊಟ್ಟೆ, ಕೋಳಿ ನಿಲ್ಲಿಸಿ ಬರೀ ಗಂಜಿಗಿಳಿಸುವುದು ಇನ್ನೊಂದು ಅಭ್ಯಾಸ. ಯಕೃತ್ತು ಮತ್ತೆ ಬೆಳೆಯಬಲ್ಲ ಅಂಗ. ಬೆಳೆಯಲು ಅದಕ್ಕೆ ಪ್ರೊಟೀನ್ ಬೇಕು. ವಿಷಾಂಶ ಮಿದುಳಿಗೇರಿ ನಾಯಿ ತೂರಾಡುವಾಗ, ಗೋಡೆಗೆ ತಲೆ ಒತ್ತುವಾಗ ಮಾತ್ರ ಪ್ರೊಟೀನ್ ತಗ್ಗಿಸುವ ಮಾತು. ಆಗ ಲ್ಯಾಕ್ಟುಲೋಸ್ ಎಂಬ ಔಷಧಿ ನಿಜಕ್ಕೂ ಜೀವ ಉಳಿಸುತ್ತದೆ.

ನನ್ನ ದೊಡ್ಡ ಆತಂಕ ಇಲಿ ಜ್ವರದ್ದು. ಮಳೆಗಾಲದಲ್ಲಿ ಚರಂಡಿ ನೀರಿಗೆ ಮೂತಿಯಿಡುವ ನಾಯಿಗೆ ಇಲಿಯ ಮೂತ್ರದಿಂದ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ತಗಲಿ ಕಾಮಾಲೆಯಾಗಬಹುದು. ಮೇಲ್ದುಟಿ ಎತ್ತಿ ವಸಡನ್ನು, ಕಣ್ಣಿನ ಬಿಳಿಯನ್ನು ಹಗಲು ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟಿನಲ್ಲಿ ತೆಳು ಹಳದಿ ಸುಲಭವಾಗಿ ಕಾಣದು. ಈ ರೋಗಕ್ಕೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ಗಳಂಥ ಮದ್ದಿದೆ, ಆದರೆ ಬೇಗ ಶುರುವಾಗಬೇಕು. ಟಾನಿಕ್ ನಂಬಿ ಒಂದು ವಾರ ಕಳೆದರೆ ನಾಯಿಯ ಮೂತ್ರಪಿಂಡಗಳೂ ಹೋಗಬಹುದು. ಅದರ ಮೂತ್ರ ಬಳಿಯುವ ಮನೆಯವರಿಗೂ ಜ್ವರ ಅಂಟಬಹುದು. ಉಣುಗಿನಿಂದ ಬರುವ ಬಬೇಸಿಯಾದಲ್ಲೂ ಕಣ್ಣು ಹಳದಿಯಾಗುತ್ತದೆ; ಅಲ್ಲಿ ಒಡೆಯುತ್ತಿರುವುದು ಕೆಂಪು ರಕ್ತಕಣ.

ಆಹಾರವನ್ನೂ ಅನುಮಾನಿಸಬೇಕು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿನ ವಿಷವಾದ ಅಫ್ಲಾಟಾಕ್ಸಿನ್‌ನಿಂದ ಜನ ಕಾಮಾಲೆಯಾಗಿ ಸತ್ತಾಗ, ಅದೇ ಮನೆಗಳ ನಾಯಿಗಳೂ ಸತ್ತಿದ್ದವು. ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ ಇರುವ ಊರಿನಲ್ಲಿ, ‘ನಾಯಿಗಲ್ಲವೇ, ನಡೆಯುತ್ತದೆ’ ಎಂದು ಬೂಷ್ಟು ಬಂದ ಕಡಲೆಕಾಯಿ, ಬ್ರೆಡ್ಡು ಹಾಕುವುದು ನಿಲ್ಲಬೇಕು.

ಬೆಂಗಳೂರಿನ ಯಲಹಂಕದಲ್ಲಿರುವ ಪಶುರೋಗ ಸಂಶೋಧನೆಯ ‘ನಿವೇದಿ’ ಸಂಸ್ಥೆಯಲ್ಲಿ ಲೆಪ್ಟೊಸ್ಪೈರಾ ಪತ್ತೆಯ ಪರಿಣತಿ ಇದೆ. ಮೈಸೂರಿನ ಸರ್ಕಾರಿ ಮತ್ತು ಖಾಸಗಿ ಚಿಕಿತ್ಸಾಲಯಗಳ ಕಾಮಾಲೆ ನಾಯಿಗಳ ಮಾದರಿ ಅಲ್ಲಿಗೆ ತಪ್ಪದೆ ತಲುಪುವ ವ್ಯವಸ್ಥೆಯನ್ನು ಪಶುಪಾಲನಾ ಇಲಾಖೆ ಮುಂದಿನ ಮುಂಗಾರಿನೊಳಗೆ ಮಾಡಬೇಕು. ಸಾಕುವವರು ಲೆಪ್ಟೊ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಲಿ. ಟಾನಿಕ್ ಬರೆದುಕೊಟ್ಟ ವೈದ್ಯರನ್ನು ‘ಕಾರಣ ಏನು, ಮತ್ತೆ ರಕ್ತಪರೀಕ್ಷೆ ಯಾವಾಗ’ ಎಂದು ಕೇಳದೆ ಕ್ಲಿನಿಕ್ಕಿನಿಂದ ಹೊರಡಬೇಡಿ.