ಬೇಲಿಗೊಂದು ದಣಪೆ

ಏಳನೇ ತರಗತಿಯ ಮೊಮ್ಮಗಳು ಮೊನ್ನೆ ಶಾಲೆಯಿಂದ ಬಂದವಳೇ ಚೀಟಿ ತೋರಿಸಿದಳು. ಚರ್ಚಾಸ್ಪರ್ಧೆಯ ವಿಷಯ: ‘ಗಡಿ ಬೇಲಿಗೆ ಸರ್ಕಾರ ಇಷ್ಟೊಂದು ಹಣ ಖರ್ಚು ಮಾಡುವುದು ಸರಿಯೇ?’

‘ಅಜ್ಜಾ, ನಾನು ಸರಿ ಅಂತ ಮಾತಾಡಬೇಕು. ಬೇಲಿ ಇದ್ದರೆ ಕಳ್ಳರು ಬರಲ್ಲ. ಇಷ್ಟೇ ಅಲ್ವಾ?’

‘ಮೊದಲು ಲೆಕ್ಕ ಮಾಡು ಪುಟ್ಟಿ’ ಅಂದೆ.

ಭಾರತ–ಮ್ಯಾನ್ಮಾರ್ ಗಡಿಯ ಉದ್ದ 1,643 ಕಿಲೋಮೀಟರ್. ಅಷ್ಟಕ್ಕೂ ಬೇಲಿ ಹಾಕುವುದಾಗಿ ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಘೋಷಿಸಿತು. ರಸ್ತೆಯೂ ಸೇರಿ ಸುಮಾರು 31,000 ಕೋಟಿ ರೂಪಾಯಿ ಬೇಕೆಂದು ಪತ್ರಿಕೆಗಳಲ್ಲಿ ಬಂದಿತ್ತು. ಅವಳು ಭಾಗಾಕಾರ ಮಾಡಿದಳು. ಕಿಲೋಮೀಟರಿಗೆ ಹತ್ತಿರ ಹತ್ತಿರ 19 ಕೋಟಿ!

‘ಅಬ್ಬಾ! ಹಾಗಾದರೆ ಬೇಡವೇ ಬೇಡ!’

‘ತಡಿ. ಅಲ್ಲಿರುವುದು ಬೆಟ್ಟ, ದಟ್ಟ ಕಾಡು. ಮಾದಕ ವಸ್ತು, ಬಂದೂಕು ಕದ್ದು ಸಾಗಿಸುವವರಿದ್ದಾರೆ. ಇಲ್ಲಿ ಗುಂಡು ಹಾರಿಸಿ ಅಲ್ಲಿ ಅಡಗುವ ಗುಂಪುಗಳಿವೆ. ಮಾರುಮಾರಿಗೊಬ್ಬ ಸೈನಿಕನನ್ನು ನಿಲ್ಲಿಸಲಾದೀತೇ?’

ಅವಳು ಮತ್ತೆ ‘ಸರಿ’ ಪಕ್ಷಕ್ಕೆ ಬಂದಳು. ಆಗ ನಾಗಾಲ್ಯಾಂಡಿನ ಲೋಂಗ್ವಾ ಊರಿನ ಕಥೆ ಹೇಳಿದೆ. ಅಲ್ಲಿನ ಮುಖ್ಯಸ್ಥರ ಮನೆಯ ನಡುವೆಯೇ ಗಡಿರೇಖೆ ಹಾದುಹೋಗುತ್ತದೆ. ಅರ್ಧ ಮನೆ ಭಾರತದಲ್ಲಿ, ಇನ್ನರ್ಧ ಮ್ಯಾನ್ಮಾರಿನಲ್ಲಿ! ಗಡಿಯ ಎರಡೂ ಕಡೆ ಇರುವವರು ಒಂದೇ ಬಳಗದವರು. ಬೇಲಿ ಬೇಡವೆಂದು ಮಿಜೋರಾಂ, ನಾಗಾಲ್ಯಾಂಡ್ ವಿಧಾನಸಭೆಗಳು ನಿರ್ಣಯ ಮಾಡಿದವು. ಮಣಿಪುರದ ಅಂದಿನ ಸರ್ಕಾರವೋ ಬೇಲಿ ಬೇಕೆಂದಿತ್ತು.

ಪುಟ್ಟಿ ಪೆನ್ನು ಕೆಳಗಿಟ್ಟಳು. ‘ಈಗ ಏನು ಬರೆಯಲಿ?’

ನನಗೆ ನಮ್ಮ ತೋಟದ ನೆನಪಾಯಿತು. ಹಂದಿ ಕಾಟ ತಡೆಯಲಾರದೆ ಸೋಲಾರ್ ಬೇಲಿ ಹಾಕಿಸಿದ್ದೆ. ತಂತಿಗೆ ಕಳೆ ತಾಗಿದರೆ ಕರೆಂಟು ಇಳಿದುಹೋಗುತ್ತದೆ. ವರ್ಷವರ್ಷವೂ ಕಳೆ ಸವರುವ ಆಳಿನ ಸಂಬಳವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪೊಂದಿತ್ತು. ಆಚೆಮನೆ ಅಜ್ಜಿ ಬರುತ್ತಿದ್ದ ಕಾಲುದಾರಿ ಮುಚ್ಚಿಹೋಗಿತ್ತು. ಅವರು ಬೈಯಲಿಲ್ಲ, ಬರುವುದನ್ನೇ ಬಿಟ್ಟರು. ಎರಡು ತಿಂಗಳಾದ ಮೇಲೆ ನನಗೆ ತಿಳಿಯಿತು. ಬೇಲಿ ಕೀಳಲಿಲ್ಲ. ಗಳ ಸರಿಸಿ ದಾಟುವ ಹಾಗೆ ಒಂದು ದಣಪೆ ಇಡಿಸಿದೆ. ಆಮೇಲೆ ನಾನೇ ಹೋಗಿ ಕರೆದೆ.

ಆ ಗಡಿಯಲ್ಲೂ ಒಂದು ಬಗೆಯ ದಣಪೆ ಇದೆ. ಗಡಿಯಿಂದ 16 ಕಿಲೋಮೀಟರ್ ಒಳಗಿನವರು ವೀಸಾ ಇಲ್ಲದೆ ಹೋಗಿಬರುವ ಪದ್ಧತಿಯಿತ್ತು. 2024ರ ಕೊನೆಯಲ್ಲಿ ಅದನ್ನು 10 ಕಿಲೋಮೀಟರಿಗೆ ಇಳಿಸಿ, ಪಾಸ್ ಬೇಕೆಂದು ಮಾಡಿದರು. ಬೇಲಿಗೆ ಕೋಟಿಗಟ್ಟಲೆ ಕೊಡುವಾಗ ಆ ದಣಪೆಯ ಖರ್ಚನ್ನೂ, ಮುಂದಿನ ವರ್ಷಗಳ ಕಾವಲಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು. ಬೇಲಿಯಿಂದ ಕಳ್ಳಸಾಗಣೆ ಎಷ್ಟು ಇಳಿಯಿತೆಂದು ಕೇಳುತ್ತಲೂ ಇರಬೇಕು. ಅದು ನಮ್ಮೆಲ್ಲರ ತೆರಿಗೆಯ ಹಣ ತಾನೇ?

ಪುಟ್ಟಿ ಬರೆದ ಮೊದಲ ಸಾಲು: ‘ಬೇಲಿ ಬೇಕು, ಆದರೆ ಆಚೆಮನೆ ಅಜ್ಜಿಯನ್ನು ಮೊದಲು ಕೇಳಬೇಕು.’

ಬಹುಮಾನ ಬರುತ್ತದೋ ಇಲ್ಲವೋ, ನನಗಂತೂ ಖುಷಿಯಾಯಿತು. ಈ ಭಾನುವಾರ ಊಟದ ಹೊತ್ತಿಗೆ ನಿಮ್ಮ ಮನೆಯಲ್ಲೂ ಈ ಚರ್ಚೆ ನಡೆಯಲಿ ಮಕ್ಕಳೇ. ನಿಮಗೆ ಸರಿ ಅನ್ನಿಸಿದ ಪಕ್ಷ ಬಿಟ್ಟು, ಇನ್ನೊಂದರ ಪರವಾಗಿ ಐದು ನಿಮಿಷ ಮಾತಾಡಿ ನೋಡಿ.